ಕಳಕಪ್ಪನ ಕಾಲು ಮಾರಾಟವಾದದ್ದು

ಬೆಣ್ಣಿಕೊಪ್ಪದ ದನದ ಪೇಟೆಯ ಮೂಡಲ ಬದಿಗೆ, ದನಗಳು ನೀರು ಕುಡಿಯುವ ಕಲ್ಲಿನ ದೋಣಿಗೆ ಹತ್ತಿಕೊಂಡು ಒಂದು ತಗಡಿನ ಚಪ್ಪರವಿತ್ತು. ಪರಮಪೂಜ್ಯ ಗುರುಪಾದಜ್ಜನವರು ವಾಸವಾಗಿದ್ದುದು ಅಲ್ಲಿ. ಮಠ ಕಟ್ಟಿಸಿಕೊಡುತ್ತೇವೆ ಎಂದು ಪೇಟೆಯ ಹಿರಿಯರು ಎಷ್ಟೋ ಸಲ ಮುಂದೆ ಬಂದದ್ದುಂಟು. "ದನಾ ಮಠಕ್ಕ ಬರೂದಿಲ್ರಪಾ, ದೋಣಿಗೆ ಬರ್ತಾವ" ಎಂದು ಅಜ್ಜನವರು ನಕ್ಕು ಸುಮ್ಮನಾಗುತ್ತಿದ್ದರು. ಬೆಳಗಿನ ಲಿಂಗಪೂಜೆ ಮುಗಿಯಿತೆಂದರೆ ಹೊತ್ತು ಮುಳುಗುವವರೆಗೂ ಅವರಿಗೆ ಒಂದೇ ಕಾಯಕ: ಬಾವಿಯಿಂದ ನೀರು ಸೇದಿ ದೋಣಿ ತುಂಬಿಸುವುದು. ವಿಭೂತಿ ಮಂತ್ರಿಸಿ ಕೊಡುತ್ತಿರಲಿಲ್ಲ, ದಾರ ಕಟ್ಟುತ್ತಿರಲಿಲ್ಲ, ಮುಂದಾಗುವುದನ್ನು ಹೇಳುತ್ತಿರಲಿಲ್ಲ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಅವರ ಹತ್ತಿರ ಕೊಡುವಂಥ ಮಾಲು ಏನೂ ಇರಲಿಲ್ಲ. ಆದರೂ ಪೇಟೆಗೆ ಬಂದವರು ಆ ದೋಣಿಯ ಬದಿಗೆ ಒಂದು ಗಳಿಗೆ ಕೂತೇ ಹೋಗುತ್ತಿದ್ದರು.

ಹಾಗೆ ಕೂಡದವನು ಒಬ್ಬನೇ, ಕಳಕಪ್ಪ ದಲಾಲಿ. ಎತ್ತಿನ ಪಕ್ಕದಲ್ಲಿ ನಾಲ್ಕು ಮಾರು ನಡೆದರೆ ಸಾಕು, ಅದರ ಗೊರಸು, ಹೆಗಲು, ಹಟ ಎಲ್ಲವನ್ನೂ ಹೇಳಿಬಿಡುವ ಗಟ್ಟಿಗ. ಕೇಳಿದ ಬೆಲೆಗೆ ಎಂದೂ ಒಪ್ಪಿದವನಲ್ಲ. ಮಾರಾಟವಾದ ದನವನ್ನು ಕೊಂಡವರು ಅವನ ಕೊಟ್ಟಿಗೆಯಲ್ಲಿ ಬಿಟ್ಟು ಹೋದರೆ, ಮರಳಿ ಬರುವಷ್ಟರಲ್ಲಿ ಅದರ ಮೈ ಮೊದಲಿಗಿಂತ ಹೊಳೆಯುತ್ತಿತ್ತು. ಅವನ ಬಾಯಲ್ಲಿ ಬೀಡಿ ಆರಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಒಂದರ ಕಿಡಿಯಿಂದಲೇ ಇನ್ನೊಂದು ಹೊತ್ತುತ್ತಿತ್ತು.

ಒಂದು ಚಳಿಗಾಲ ಅವನ ಬಲಗಾಲಿನ ಹೆಬ್ಬೆರಳಿಗೆ ಸಣ್ಣ ಹುಣ್ಣಾಯಿತು. ಮಾಯಲಿಲ್ಲ. ಬೆರಳಿನ ತುದಿ ಕಪ್ಪಿಟ್ಟು, ಪಾದವೆಲ್ಲ ಬೆಂಕಿ ಬಿದ್ದ ಹಾಗೆ ಉರಿಯತೊಡಗಿತು. ಶಹರದ ಡಾಕ್ಟರು ನೋಡಿ ಬಿಚ್ಚಿ ಹೇಳಿದರು. ಇದು ಬೀಡಿಯಿಂದ ರಕ್ತದ ನಾಳಗಳು ಮುಚ್ಚಿಕೊಳ್ಳುವ ರೋಗ. ಬೀಡಿ ಪೂರ್ತಿ ನಿಂತರೆ ಪಾದ ಉಳಿದೀತು. ದಿನಕ್ಕೆ ಒಂದು ಸೇದಿದರೂ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ಕತ್ತರಿಸುವುದೇ ಸೈ.

ಎತ್ತಿನ ಜೊತೆ ನಡೆಯಲಾರದ ದಲಾಲಿಗೆ ಪೇಟೆಯಲ್ಲಿ ಏನು ಕೆಲಸ? ಮನೆಗೆ ಬಂದವನೇ ಬೀಡಿಯ ಕಟ್ಟನ್ನು ಒಲೆಗೆ ಹಾಕಿದ. ಸಂಜೆಗೆ ಅಂಗಡಿಯ ಮುಂದೆ ನಿಂತಿದ್ದ. ಮರುದಿನವೂ ಅದೇ ಕಥೆ. ಅವನ ಹೆಂಡತಿ ನಿಂಬೆವ್ವ, "ಅಜ್ಜಾರ ಕಡೆ ಒಮ್ಮಿ ಹೋಗಿ ಬರ್ರಿ" ಎಂದು ಗಂಟುಬಿದ್ದಳು.

"ನೀರು ಸೇದೂ ಮುದುಕ ನನ್ನ ಬೀಡಿ ಸೇದೂದು ಬಿಡಸ್ತಾನೇನ?" ಎಂದ ಕಳಕಪ್ಪ. ಆದರೂ ಹೋದ. ಹೋಗದಿದ್ದರೆ ಕಾಲು ಹೋಗುತ್ತದೆ ಎಂಬ ಲೆಕ್ಕ ಅವನಿಗೆ ತಿಳಿದಿತ್ತು.

ಅಜ್ಜನವರು ಹಗ್ಗ ಹಿಡಿದು ನಿಂತಿದ್ದರು. ಕಳಕಪ್ಪ ಕೈ ಮುಗಿದ ಶಾಸ್ತ್ರ ಮಾಡಿ ನೇರ ವ್ಯವಹಾರಕ್ಕೆ ಇಳಿದ. "ಯಪ್ಪಾ, ಒಂದು ದಾರ ಕಟ್ಟಿಬಿಡ್ರಿ. ದೋಣಿಗೆ ಹೊಸಾ ಕಲ್ಲು ಹಾಕಸ್ತೀನಿ. ಆದ್ರ ಪೂರಾ ಬಿಡೂದು ನನ್ನ ಕೈಲಿ ಆಗೂದಿಲ್ಲ. ದಿನಕ್ಕ ನಾಕಕ್ಕ ಇಳೀತೀನಿ. ನೀವೂ ಸ್ವಲ್ಪ ಇಳೀರಿ."

ರೋಗದ ಜೊತೆ ಆಗದ ಚೌಕಾಸಿಯನ್ನು ಅವನು ಸಂತರ ಜೊತೆ ಮಾಡಲು ಬಂದಿದ್ದ.

ಅಜ್ಜನವರು ಸಿಟ್ಟಾಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿ ಬಂದು, ಕಳಕಪ್ಪನ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಅವನ ಬಲಗೈ ಮೇಲೆ ಹೊದಿಸಿದರು. ತಮ್ಮ ಕೈಯನ್ನೂ ಅದರ ಕೆಳಗೆ ಸೇರಿಸಿದರು. ದನದ ಪೇಟೆಯ ವ್ಯಾಪಾರ ನಡೆಯುವುದೇ ಹೀಗೆ. ಬೆಲೆಯನ್ನು ಬಾಯಿಂದ ಆಡುವುದಿಲ್ಲ, ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಬೆಲೆ ಕೇಳಿದಾಗ ಮಾರುವವನು ಅದನ್ನು ಹೇಳದೆ ಕೈ ಎಳೆದುಕೊಳ್ಳುವಂತಿಲ್ಲ. ಎಳೆದುಕೊಂಡವನ ಜೊತೆ ಆಮೇಲೆ ಯಾರೂ ವ್ಯವಹಾರ ಮಾಡುವುದಿಲ್ಲ.

"ಕಾಲು ಕೊಡಾಂವ ಇದ್ದೀ ಅಂತಾತು," ಎಂದರು ಅಜ್ಜನವರು. "ಬೆಲೆ ಹೇಳು."

ಎಷ್ಟೋ ಜೋಡಿ ಎತ್ತುಗಳಿಗೆ ಬೆಲೆ ಕಟ್ಟಿದ ಬೆರಳುಗಳು ಅಂದು ಅಲ್ಲಾಡಲಿಲ್ಲ. ಅಷ್ಟರಲ್ಲಿ ಕಳಕಪ್ಪನ ಬೀಡಿಯ ಹೊತ್ತಾಯಿತು. ಬಾಯಿ ಒಣಗಿತು, ಎದೆ ಬಿಗಿಯಿತು, ಎದುರಿಗಿದ್ದ ಮುದುಕರ ಮೇಲೆ ಸುಮ್ಮಸುಮ್ಮನೆ ಸಿಟ್ಟು ಉಕ್ಕಿತು. ಕೈ ಬಿಡಿಸಿಕೊಂಡು ಓಡಬೇಕೆನಿಸಿತು. ಹಗ್ಗ ಎಳೆದು ಎಳೆದು ಕಟ್ಟಿಗೆಯಂತಾಗಿದ್ದ ಆ ಅಂಗೈ ಅವನ ಕೈಯನ್ನು ನೋಯಿಸದೆ, ಬಿಡದೆ ಹಿಡಿದಿತ್ತು. ಒಂದು ಎಮ್ಮೆ ಬಂದು ಹೊಟ್ಟೆತುಂಬ ನೀರು ಕುಡಿದು ಹೋಯಿತು. ನೋಡುತ್ತಿದ್ದಂತೆ ಎದೆಯ ಬಿಗಿ ತಾನಾಗಿಯೇ ಸಡಿಲವಾಯಿತು. ಬಂದ ಚಟ ಏನನ್ನೂ ತೆಗೆದುಕೊಳ್ಳದೆ ಎದ್ದು ಹೋದದ್ದನ್ನು ಕಳಕಪ್ಪ ಅದೇ ಮೊದಲ ಸಲ ಕಂಡ.

"ಇದೊಂದು ಹೋತು," ಎಂದು ಅಜ್ಜನವರು ಕೈ ಬಿಟ್ಟರು. "ಜೀವಮಾನದ ಮಾತು ಬ್ಯಾಡ. ಬಂದದ್ದನ್ನಷ್ಟ ದಾಟಸು."

"ಮತ್ತ ಬರ್ತೈತಲ್ರಿ?"

"ದಾವಲಸಾಬನ್ನ ಕರಿ. ಕೈ ಹಿಡೀಲಿ."

ಕಳಕಪ್ಪ ಹಿಂದೆ ಸರಿದ. ದಾವಲಸಾಬ ಅದೇ ಪೇಟೆಯ ಇನ್ನೊಬ್ಬ ದಲಾಲಿ. ಇವನ ಗಿರಾಕಿಯನ್ನು ಅವನು ಎಳೆಯುವುದು, ಅವನ ಎತ್ತಿಗೆ ಇವನು ಸುಳಿ ಸರಿಯಿಲ್ಲ ಎನ್ನುವುದು, ಇದು ಇಬ್ಬರ ತಾರುಣ್ಯದಿಂದ ನಡೆದುಬಂದ ಪೈಪೋಟಿ. "ನಾ ಬಿದ್ರ ಸಕ್ರಿ ಹಂಚಾಂವ ಅಂವ. ನನ್ನ ಹೆಂಡತಿ ಅದಾಳ, ತಮ್ಮ ಅದಾನ, ಅವರು ಹಿಡೀಲಿ."

"ಅವರು ಮರುಗ್ತಾರ," ಎಂದರು ಅಜ್ಜನವರು. "ಮರುಗಿದ್ರ ಕೈ ಸಡಿಲ ಆಕ್ಕೈತಿ. ಸಾಬ ಬಿಡೂದಿಲ್ಲ." ಇಷ್ಟು ಹೇಳಿ ಬಾವಿಯ ಕಡೆ ನಡೆದರು.

ದಾವಲಸಾಬ ಕೇಳಿದವನೇ ಮೊದಲು ನಕ್ಕ. ಆಮೇಲೆ ಕಳಕಪ್ಪನ ಪಾದ ನೋಡಿ ನಗು ನಿಲ್ಲಿಸಿದ. "ನೀ ಇಲ್ದ ಪ್ಯಾಟ್ಯಾಗ ನಾ ಯಾರ ಕೂಡ ಜಗಳಾಡ್ಲಿ? ನಡಿ" ಎಂದ. ತಾನು ಸೇದುತ್ತಿದ್ದ ಬೀಡಿಯನ್ನು ಗೋಡೆಗೆ ಒರೆಸಿ ಆರಿಸಿ, ಕಳಕಪ್ಪನ ಕಣ್ಣಿಗೆ ಬೀಳದಂತೆ ಟೊಪ್ಪಿಗೆಯೊಳಗೆ ಸೇರಿಸಿಕೊಂಡ.

ಮೊದಲಿನ ಆ ದಿನಗಳನ್ನು ನಿಂಬೆವ್ವ ಮರೆಯುವಂತಿಲ್ಲ. ಗಂಡನಿಗೆ ತಲೆ ಸಿಡಿಯುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ, ಉಪ್ಪು ಹೆಚ್ಚಾಯಿತೆಂದು ತಾಟು ಎಸೆದ. ಆಮೇಲೆ ತಾನೇ ಅದನ್ನು ಎತ್ತಿ ತೊಳೆದಿಟ್ಟ. ಅವಳು ಮಜ್ಜಿಗೆ ಕೊಟ್ಟಳು, ಬಡೇಸೋಪು ಕೊಟ್ಟಳು, ಹುರಿಗಡಲೆ ಕೊಟ್ಟಳು. ಒಂದು ಮಧ್ಯಾಹ್ನ ಅವನು ಮಂಚದ ಪಟ್ಟಿ ಹಿಡಿದು ನರಳುವುದನ್ನು ನೋಡಲಾರದೆ, ಅಡಗಿಸಿಟ್ಟಿದ್ದ ಕಟ್ಟಿನಿಂದ ಒಂದು ಬೀಡಿ ತೆಗೆದು ತಾನೇ ಮುಂದೆ ಹಿಡಿದಳು. "ಅರ್ಧಾ ಸೇದ್ರಿ. ಯಾರಿಗೂ ಹೇಳೂದಿಲ್ಲ."

ಅಂಗಳದಲ್ಲಿ ದಾವಲಸಾಬನ ಕೆಮ್ಮು ಕೇಳಿಸಿತು. ಒಳಗೆ ಬಂದವನು ಹೆಗಲ ವಲ್ಲಿ ತೆಗೆದು ಕಳಕಪ್ಪನ ಕೈ ಮುಚ್ಚಿ ಹಿಡಿದುಕೊಂಡ. "ಬೆಲೆ ಹೇಳಪಾ ದಣಿ."

"ಕೈ ಬಿಡೋ, ಹಲ್ಕಟ್."

"ಬೈಗಳಾ ಎಷ್ಟರ ಬೈಯ್. ಬೈಗಳದಾಗ ಬೆಲೆ ಇರೂದಿಲ್ಲ."

ಬೀಡಿ ನಿಂಬೆವ್ವನ ಕೈಯಲ್ಲೇ ಉಳಿಯಿತು. ಅಜ್ಜನವರು ತನ್ನನ್ನು ಬಿಟ್ಟು ಸಾಬನನ್ನೇ ಯಾಕೆ ಆರಿಸಿದರೆಂಬುದು ಅವಳಿಗೆ ಆಗ ತಿಳಿಯಿತು. ದೋಣಿಯಿರುವ ದಿಕ್ಕಿಗೆ ತಿರುಗಿ ಕೈ ಮುಗಿದಳು.

ಮುಂದಿನದು ಸಂತೆಯ ದಿನ. ಪೇಟೆಯ ತುಂಬ ದನ, ಜನ, ಎಲ್ಲರ ಬಾಯಲ್ಲೂ ಹೊಗೆ. ಕಳಕಪ್ಪ ಒಂದು ವ್ಯಾಪಾರ ತಪ್ಪಿಸಿಕೊಂಡ, ಇನ್ನೊಂದರಲ್ಲಿ ಸುಮ್ಮನೆ ಜಗಳ ತೆಗೆದ. ಕೊನೆಗೆ ಕುಂಟುತ್ತ ಅಂಗಡಿಗೆ ಹೋಗಿ ಒಂದು ಕಟ್ಟು ಕೊಂಡು, ಬೀಡಿಯೊಂದನ್ನು ತುಟಿಗಿಟ್ಟ. ಕಡ್ಡಿ ಗೀರಬೇಕು, ಅಷ್ಟರಲ್ಲಿ ಅವನ ಬಲಗೈ ಮೇಲೆ ವಲ್ಲಿ ಬಿತ್ತು.

"ಇವತ್ತ ಹೇಳೇ ಬಿಡ್ತೀನಿ," ಎಂದ ಕಳಕಪ್ಪ ಹಲ್ಲು ಕಚ್ಚಿ. ವಲ್ಲಿಯ ಕೆಳಗೆ ದಾವಲಸಾಬನ ಒಂದೇ ಬೆರಳನ್ನು ಹಿಡಿದು ಅದುಮಿದ. "ಒಂದು ರೂಪಾಯಿ. ಕಾಲು ಮಾರೀನಿ. ಬೆಲೆ ಹೇಳಿದ್ದಾತಲ್ಲ, ಕೈ ಬಿಡು."

ಜನ ನೆರೆದಿದ್ದರು. ಆದರೆ ದಾವಲಸಾಬನೂ ಅದೇ ಪೇಟೆಯಲ್ಲಿ ಬೆಳೆದವನು. ವಲ್ಲಿ ಝಾಡಿಸಿ ಹೆಗಲಿಗೆ ಹಾಕಿಕೊಂಡು, ಕಿಸೆಯಿಂದ ಒಂದು ರೂಪಾಯಿ ತೆಗೆದು ಕಳಕಪ್ಪನ ಅಂಗೈಯಲ್ಲಿಟ್ಟು ಮುಷ್ಟಿ ಮಡಿಸಿದ.

"ಕೊಂಡೆ. ಎಲ್ಲಾರೂ ಸಾಕ್ಷಿ. ಕಳಕಪ್ಪಣ್ಣನ ಬಲಗಾಲು ಇವತ್ತಿನಿಂದ ನಂದು. ನನ್ನ ಮನ್ಯಾಗ ಇಡಾಕ ಜಾಗಾ ಇಲ್ಲ, ಸದ್ಯ ಅವನ ಕಡೇನ ಇರಲಿ." ಕಳಕಪ್ಪನ ತುಟಿಯ ಬೀಡಿಯ ಕಡೆ ಗದ್ದ ಎತ್ತಿ ತೋರಿಸಿದ. "ನನ್ನ ಮಾಲಿಗೆ ಹೊಗಿ ಹಾಕಬ್ಯಾಡ."

ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ಕಳಕಪ್ಪ ಮಾತ್ರ ನಗಲಿಲ್ಲ. ದೋಣಿಯ ಕಡೆ ನೋಡಿದ. ಅಜ್ಜನವರು ನೀರು ಸೇದುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು.

"ವ್ಯಾಪಾರ ಖರೇ ಆತು," ಎಂದರು. ಎಲ್ಲರಿಗೂ ಕೇಳಿಸಿತು. ಕೊಡ ಮತ್ತೆ ಬಾವಿಗೆ ಇಳಿಯಿತು.

ಬೇರೆಯವನಾಗಿದ್ದರೆ ಚೇಷ್ಟೆಯೆಂದು ತಳ್ಳಿಹಾಕುತ್ತಿದ್ದ. ಕಳಕಪ್ಪ ತನ್ನ ಕಾಲನ್ನು ತಾನೇ ಉರಿಸಿಕೊಳ್ಳಲು ಹೇಸದವನು ನಿಜ. ಆದರೆ ಮಾರಿದ ಮಾಲು ತನ್ನ ಕೈಯಲ್ಲಿದ್ದಾಗ ಅದರ ಒಂದು ಕೂದಲು ಕೊಂಕಿದರೂ ಮುಖ ಎತ್ತಿ ತಿರುಗುವವನಲ್ಲ. ಕಾಲಿನ ಭಯಕ್ಕೆ ಬಗ್ಗದ ಚಟ, ಡಾಕ್ಟರರ ಮಾತಿಗೆ ಬಗ್ಗದ ಚಟ, ಪೇಟೆಯ ನಡುವೆ ತನ್ನ ಹೆಸರಿಗೆ ಬಗ್ಗಿತು. ತುಟಿಯ ಬೀಡಿ ತೆಗೆದು ಕಟ್ಟಿನೊಳಗೆ ಸೇರಿಸಿ, ಕಟ್ಟನ್ನು ಅಂಗಡಿಯ ಹಲಗೆಯ ಮೇಲೆ ಇಟ್ಟುಬಿಟ್ಟ.

"ಯಾಕ್ರಿ ದಲಾಲ್ರ, ಬ್ಯಾಡೇನು?" ಎಂದ ಅಂಗಡಿಯವ.

"ಮಂದೀ ಮಾಲು ಐತಪಾ ನನ್ನ ಕಡೆ."

ಚಟ ಅಂದಿಗೇ ಸತ್ತಿತೆಂದರೆ ಸುಳ್ಳಾದೀತು. ಬರುತ್ತಿತ್ತು. ಬಂದಾಗಲೆಲ್ಲ ದಾವಲಸಾಬನೋ, ಅವನಿಲ್ಲದಿದ್ದರೆ ಅಜ್ಜನವರೋ ಕೈ ಹಿಡಿದು ಕೂಡುತ್ತಿದ್ದರು. ಬರಬರುತ್ತ ಬರುವುದು ಅಪರೂಪವಾಯಿತು. ಕೊಟ್ಟಿಗೆಯಲ್ಲಿ ಪರರ ಎತ್ತನ್ನು ನೋಡಿಕೊಳ್ಳುವ ಹಾಗೆ ಕಳಕಪ್ಪ ಆ ಕಾಲನ್ನು ನೋಡಿಕೊಂಡ. ಡಾಕ್ಟರರು ಹೇಳಿದ ಔಷಧ ತಪ್ಪಿಸಲಿಲ್ಲ. ತೊಳೆದ ಅರಿವೆ ಬಿಟ್ಟು ಬೇರೆ ಸುತ್ತಲಿಲ್ಲ. ದಾವಲಸಾಬನೂ ದಿನಾ ಬೆಳಿಗ್ಗೆ ಬಂದು, "ತೋರಸು ನನ್ನ ಮಾಲು" ಎಂದು ಬಗ್ಗಿ ನೋಡಿ ಹೋಗುತ್ತಿದ್ದ.

ಹೆಬ್ಬೆರಳಿನ ತುದಿಯೊಂದು ಹೋಯಿತು. ಪಾದ ಉಳಿಯಿತು.

ಇನ್ನು ಭಯವಿಲ್ಲ, ಬೀಡಿ ಮಾತ್ರ ಎಂದೂ ಮುಟ್ಟಬೇಡಿ ಎಂದು ಡಾಕ್ಟರರು ಹೇಳಿದ ಮೇಲೆ ಬಂದ ಸಂತೆಯಲ್ಲಿ, ಕಳಕಪ್ಪ ಒಂದು ಜೋಡಿ ಹೋರಿಗಳ ಪಕ್ಕದಲ್ಲಿ ಅಗಸಿಯಿಂದ ಪೇಟೆಯವರೆಗೂ ನಡೆದು ಬಂದ. ಹೋರಿಗಳು ಹೆಜ್ಜೆ ಚುರುಕು ಮಾಡಿದರೆ ತಾನೂ ಮಾಡಿದ. ಕೂತಿದ್ದ ದಲಾಲಿಗಳು ಎದ್ದು ನಿಂತರು. ಯಾರೋ ಶಿಳ್ಳೆ ಹಾಕಿದರು. ಆ ನಡಿಗೆಯನ್ನು ಕಂಡವರು ಇವ ನಮ್ಮ ಪೇಟೆಯವ ಎಂದು ಪರ ಊರಿನವರಿಗೆ ಬೆರಳು ಮಾಡಿ ತೋರಿಸಿದರು.

ಅವನು ನೇರ ದೋಣಿಯ ಹತ್ತಿರ ಹೋಗಿ, ಜೀವಮಾನದಲ್ಲಿ ಯಾರಿಗೂ ಬಗ್ಗದ ತಲೆಯನ್ನು ಅಜ್ಜನವರ ಪಾದದ ಮೇಲಿಟ್ಟ. ಆಮೇಲೆ ದಾವಲಸಾಬನಿಗೆ ವಲ್ಲಿ ಚಾಚಿದ. "ಸಾಬ, ನನ್ನ ಕಾಲು ತಿರುಗಿ ಕೊಡು. ನಿನ್ನ ಬೆಲೆ ಹೇಳು."

ಪೇಟೆಯೆಲ್ಲ ಕಿವಿಯಾಯಿತು. ಸಾಬ ಸುಲಿಯುತ್ತಾನೆ, ಕಳಕಪ್ಪ ಚೌಕಾಸಿ ಮಾಡುತ್ತಾನೆ, ಸಂಜೆಯವರೆಗೂ ಮಜಾ ಎಂದುಕೊಂಡರು. ದಾವಲಸಾಬ ವಲ್ಲಿಯ ಕೆಳಗೆ ಕೈಯಿಟ್ಟ. ಯಾವ ಬೆರಳನ್ನೂ ಆರಿಸಲಿಲ್ಲ. ಇಡೀ ಕೈಯನ್ನೇ ಹಿಡಿದುಕೊಂಡ. ಅವನ ಅಂಗೈ ಬೆವೆತಿತ್ತು.

"ಮುಂಜಾನಿಂದ ಸೇದಿಲ್ಲ," ಎಂದ ತಗ್ಗಿದ ದನಿಯಲ್ಲಿ. "ಒಬ್ಬನ ಕೂತ್ರ ಆಗವಲ್ದು, ಕಳಕಪ್ಪಣ್ಣ."

ಕೇಳಿದ ಬೆಲೆಗೆ ಎಂದೂ ಒಪ್ಪದ ಕಳಕಪ್ಪ, "ಆತು" ಎಂದ.

ಅಜ್ಜನವರು ತಾವು ಕೂಡುವ ಗೋಣಿತಟ್ಟನ್ನು ಅವರಿಬ್ಬರ ಕಡೆ ಸರಿಸಿ ಹಗ್ಗ ಹಿಡಿದರು. ಏರುಸಂತೆಯ ಹೊತ್ತಿನಲ್ಲಿ ಪೇಟೆಯ ದೊಡ್ಡ ದಲಾಲಿಗಳಿಬ್ಬರೂ ಒಂದೇ ವಲ್ಲಿಯ ಕೆಳಗೆ ಕೈ ಸೇರಿಸಿಕೊಂಡು, ಬಾಯಿ ಮುಚ್ಚಿಕೊಂಡು ಕೂತರು. ಎತ್ತು ಹಿಡಿದು ನಿಂತವರು ಯಾರೂ ಅವಸರ ಮಾಡಲಿಲ್ಲ.