ಅಗುಳುಕಡವಿಗೆ ಆ ಹೆಸರು ಬಂದ ಬಗೆ

ನಮ್ಮ ತೆಂಕಬೇಲೆಯಲ್ಲಿ ಕೊಂಕಿಹೊಳೆ ಸಮುದ್ರ ಸೇರುವುದಕ್ಕೆ ಅರ್ಧ ಹರದಾರಿ ಮೊದಲು ಒಂದು ಕಡವು ಇದೆ. ಮೇಲುಗಡೆ ಸೇತುವೆ ಆದಮೇಲೆ ದೋಣಿ ಹತ್ತುವವರು ಕಡಿಮೆಯಾದರು. ಆದರೂ ದೋಣಿ ನಿಂತಿಲ್ಲ. ದಡದ ಹೊನ್ನೆಮರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಕರಿಕಲ್ಲು. ಅದರಲ್ಲಿ ಕೆತ್ತಿದ್ದು, ಕುಳಿತ ಒಬ್ಬ ಗಂಡಸು, ಅವನ ಎದುರು ಬಾಗಿದ ಒಬ್ಬ ಮುದುಕಿ. ಮುದುಕಿಯ ಬಲಗೈ ಅವನ ಬಾಯಿಯ ಹತ್ತಿರ ಇದೆ, ಎಡಗೈ ತನ್ನ ಬಲ ಮೊಣಕೈಯನ್ನು ಹಿಡಿದಿದೆ. ಗಂಡಸಿನ ಬಲಗೈ ಮಾತ್ರ ಮಣಿಕಟ್ಟಿಗೆ ಮುಗಿದುಹೋಗಿದೆ. ನೋಡಲು ಬಂದವರೆಲ್ಲ, "ಅಯ್ಯೋ, ಇಷ್ಟು ಚಂದದ ಶಿಲೆಯನ್ನು ಯಾವ ಪಾಪಿ ಮುರಿದನೋ!" ಎಂದು ಲೊಚಗುಟ್ಟುತ್ತಾರೆ. ನಾವು ಕೂಡಲೇ ಏನೂ ಹೇಳುವುದಿಲ್ಲ. ಮೊದಲು ಕಲ್ಲಿನ ಮುಂದಿರುವ ಮರದ ಮರಿಗೆಯಿಂದ ಒಂದು ಅಗುಳು ಅರಿಶಿನದ ಅನ್ನವನ್ನು ಬೆರಳತುದಿಗೆ ತಗುಲಿಸಿ ತುಟಿಗೆ ಒತ್ತಿಕೊಳ್ಳಿ ಎನ್ನುತ್ತೇವೆ. ಕಥೆ ಅದಾದ ಮೇಲೆ.

ಹಿಂದೆ ಒಮ್ಮೆ, ನಮ್ಮ ಕಡೆಯ ಮೆಣಸನ್ನು ಅರಸಿಕೊಂಡು ದೂರದೂರದ ಹಡಗುಗಳು ಬರುತ್ತಿದ್ದ ಕಾಲದಲ್ಲಿ, ಮೂಡಲ ಕಡಲಾಚೆಯ ಮಲಕ್ಕೆಯ ಕಡೆಯಿಂದ ಮಕ್ಕಾ ಯಾತ್ರೆಗೆ ಹೊರಟಿದ್ದ ಒಂದು ಹಡಗು ಗಾಳಿಗೆ ಹಾಯಿ ಕಟ್ಟುವ ಕೂವೆಮರ ಮುರಿದುಕೊಂಡು ನಮ್ಮ ಅಳಿವೆಗೆ ಬಂದು ನಿಂತಿತು. ಹಡಗಿನ ಒಡೆಯ ಸಾಲೆ ಎಂಬ ನಾಖುದ. ಜೊತೆಗೆ ಅವನ ತಾಯಿ ಮಿನಾ ಎಂಬ ಮುದುಕಿ. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಕಾರ್ತಿಕದವರೆಗೆ ಅವರು ಕಡವಿನ ಹತ್ತಿರವೇ ಸೋಗೆಯ ಗುಡಿಸಲು ಕಟ್ಟಿಕೊಂಡು ಉಳಿದರು. ಆ ಮುದುಕಿಯ ನಯವನ್ನು ಕಂಡು ನಮ್ಮವರು ಮೊದಮೊದಲು ನಕ್ಕರಂತೆ. ಕುಳಿತವರ ಮುಂದೆ ಹಾಯುವಾಗ ಬೆನ್ನು ಬಾಗಿಸಿ, ಬಲಗೈಯನ್ನು ಕೆಳಗೆ ಚಾಚಿ ದಾರಿ ಕೇಳಿಕೊಂಡು ಹೋಗುವಳು. ಏನನ್ನಾದರೂ ತೋರಿಸಬೇಕಾದರೆ ತೋರುಬೆರಳನ್ನು ಎತ್ತದೆ, ನಾಲ್ಕು ಬೆರಳನ್ನೂ ಮಡಚಿ ಹೆಬ್ಬೆರಳಿನಿಂದ ತೋರಿಸುವಳು. ಕೊಡುವಾಗ ಎಡಗೈಯಿಂದ ಬಲ ಮೊಣಕೈಯನ್ನು ಆನಿಸಿಕೊಂಡೇ ಕೊಡುವಳು. ನಮ್ಮ ಹೆಂಗಸರು ಪ್ರೀತಿಯಿಂದ ಅವಳ ತಲೆ ಸವರಲು ಹೋದರೆ ಮೆಲ್ಲನೆ ಹಿಂದೆ ಸರಿಯುವಳು; ಅವರಲ್ಲಿ ಹಿರಿಯರ ತಲೆ ಮುಟ್ಟುವುದು ಸಲ್ಲದಂತೆ. ನಾಲ್ಕು ತಿಂಗಳಲ್ಲಿ ನಮ್ಮ ಮಾತನ್ನೂ ಕಲಿತಳು. ಊರಿಗೆ ಅವಳು ಮಿನಜ್ಜಿಯಾದಳು.

ಕಡವಿನ ಅಂಬಿಗ ದೂಮ ಮೊಗೇರ. ಹೊಳೆಯಲ್ಲಿ ಆಗ ಮೊಸಳೆಗಳಿದ್ದವು. ಮನೆಯ ಚಾವಡಿಯಲ್ಲಿ ಕುಳಿತು ಬರೆಯುತ್ತಿರುವುದರಿಂದ ಆ ಪ್ರಾಣಿಯ ಹೆಸರನ್ನು ಒಂದು ಸಲ ಬರೆದೆ; ನೀರಿನ ಮೇಲೆ ನಮ್ಮವರು ಯಾರೂ ಅದನ್ನು ಉಚ್ಚರಿಸುವುದಿಲ್ಲ, 'ಅಜ್ಜ' ಎಂದೇ ಅನ್ನುವುದು. ಮಿನಜ್ಜಿ ಇದನ್ನು ಕೇಳಿ ಬೆರಗಾದಳು. ಅವರ ಊರಿನ ಹೊಳೆಗಳಲ್ಲೂ ಅದನ್ನು ಅಜ್ಜ ಎಂದೇ ಕರೆಯುತ್ತಾರಂತೆ. "ಹಾಗಾರೆ ನಿಮ್ಮಜ್ಜ, ನಮ್ಮಜ್ಜ ದಾಯಾದಿಗಳೇ ಸೈ," ಎಂದ ದೂಮ. "ಎರಡೂ ಕಡೆಯವರಿಗೆ ಒಂದೇ ಹಸಿವು."

ಹಡಗು ಸರಿಹೋಗಿ, ಹೊರಡುವ ದಿನ ಗೊತ್ತಾದಾಗ ಮಿನಜ್ಜಿ ತನ್ನ ಕಡೆಯ ಸಂಪ್ರದಾಯದಂತೆ ಅರಿಶಿನ ಹಾಕಿ ಅನ್ನ ಮಾಡಿ, ಕಡವಿಗೆ ಬಂದವರಿಗೆಲ್ಲ ಹಂಚಲು ನಿಂತಳು. ಅವರಲ್ಲಿ ಒಂದು ನಂಬಿಕೆ: ನೀಡಿದ ಅನ್ನವನ್ನು ಮುಟ್ಟದೆ ದಾರಿಗೆ ಬಿದ್ದವನಿಗೆ ಕೇಡು ಕಾದಿರುತ್ತದೆ, ನೀರಿನ ದಾರಿಯಲ್ಲಂತೂ ಖಂಡಿತ. ಹೊಟ್ಟೆ ತುಂಬಿದ್ದರೆ ತಿನ್ನಬೇಕಾಗಿಲ್ಲ. ಒಂದು ಅಗುಳನ್ನು ಬೆರಳಿಗೆ ತಗುಲಿಸಿ ತುಟಿಗೆ ಒತ್ತಿಕೊಂಡರೆ ದೋಷ ಕಳೆಯಿತು. ನಮ್ಮವರು ಕೆಲವರು ತಿಂದರು, ಕೆಲವರು ತುಟಿಗೆ ಒತ್ತಿಕೊಂಡರು. ಜಾತಿ ಕೆಡುತ್ತದೆಂದು ಅಂಜಿದವರೂ ಅವಳ ಮುಖ ನೋಡಿ ಬೆರಳತುದಿಯನ್ನಾದರೂ ತಾಗಿಸಿದರು ಎನ್ನುತ್ತಾರೆ.

ಆಗ ಬಂದವರು ಗಿರಿಯಣ್ಣ ಹೊಳ್ಳರು. ಮಂತ್ರದಲ್ಲಿ, ಆಚಾರದಲ್ಲಿ ಈ ಸೀಮೆಯಲ್ಲಿ ಅವರಿಗೆ ಎಣೆಯಿರಲಿಲ್ಲ. ಆಚೆ ದಡದ ಜನಾರ್ದನ ದೇವರಿಗೆ ಮರುದಿನ ಪುನಃಪ್ರತಿಷ್ಠೆ. ಬಿಂಬದ ಮೇಲೆ ಕೈಯಿಟ್ಟು ಪ್ರಾಣ ತುಂಬುವ ಭಾಗ್ಯ ಹೊಳ್ಳರಿಗೆ ಬಂದಿತ್ತು. ಹನ್ನೆರಡು ವರ್ಷ ಅವರು ಕಾದದ್ದು ಅದಕ್ಕಾಗಿಯೇ. ಮೈಲಿಗೆಯ ಸುದ್ದಿ ಒಂದು ಎಳೆಯಷ್ಟು ಹಬ್ಬಿದರೂ ಆಚೆಯವರು ಬೇರೊಬ್ಬರನ್ನು ಕೂರಿಸಲು ತಯಾರಿದ್ದರು. ಒದ್ದೆ ಪಂಚೆಯಲ್ಲಿ, ಯಾರನ್ನೂ ಸೋಕದಂತೆ ನಡೆದು ಬರುತ್ತಿದ್ದ ಅವರನ್ನು ಕಂಡು ದೂಮ, "ಹೊಳ್ಳಯ್ಯಾ, ಜಾಗ್ರತೆ ಹತ್ತಿ. ನಿಮ್ಮ ಮಡಿಯ ಭಾರಕ್ಕೆ ನನ್ನ ದೋಣಿ ಒಂದು ಗೇಣು ಹೆಚ್ಚೇ ಮುಳುಗ್ತದೆ," ಎಂದ. ಹೊಳ್ಳರೂ ನಕ್ಕರು. "ನಿನ್ನ ಪಾಪ ಇಳಿಸಿ ಬಾ ಮಾರಾಯ, ಸಮ ಆಗ್ತದೆ."

ಮಿನಜ್ಜಿ ಬಾಗಿ, ಮೊಣಕೈ ಆನಿಸಿ ಅನ್ನದ ಎಲೆಯನ್ನು ಚಾಚಿದಳು. "ಒಂದು ಅಗುಳು, ಸ್ವಾಮಿ."

ಹೊಳ್ಳರು ಒರಟರಲ್ಲ. ಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳುವುದು ಅವರಿಗೂ ತಿಳಿಯದು. "ಬರುವಾಗ ಆಗಲಿ ಅಜ್ಜಿ," ಎಂದರು.

"ತಿನ್ನುವುದು ಬೇಡ ಸ್ವಾಮಿ. ಮುಟ್ಟಿದರೆ ಸಾಕು."

"ನಾಡಿದ್ದು ಬರುತ್ತೇನಲ್ಲ. ಆಗ ನೋಡೋಣ."

ದೊಡ್ಡವರಿಗೆ ಒಂದು ಮಾತನ್ನು ಎರಡನೆಯ ಸಲ ಹೇಳುವುದೇ ಅವಳ ನಾಡಿನಲ್ಲಿ ಹೆಚ್ಚಾಯಿತು. ಆದರೂ ಹೊಳ್ಳರು ದೋಣಿಗೆ ಕಾಲಿಟ್ಟಾಗ ಅವಳಿಗೆ ತಡೆಯಲಾಗಲಿಲ್ಲ. ನೀರಿಗಿಳಿದು, ಮೂರನೆಯ ಸಲ ಎಲೆಯನ್ನು ಮುಂದಕ್ಕೆ ಹಿಡಿದಳು. ದೋಣಿ ಓಲಾಡಿತು, ಎಲೆ ವಾಲಿತು. ಎಲೆಯಿಂದ ಒಂದೇ ಒಂದು ಅಗುಳು ಜಾರಿ ಹೊಳ್ಳರ ಬಲಗೈಯ ಮೇಲೆ ಬಿತ್ತು. ಹೊಳ್ಳರ ಮುಖ ಬಿಳಿಚಿತು. ದಡದಲ್ಲಿದ್ದ ಹತ್ತು ಜನ ಅದನ್ನು ಕಂಡಿದ್ದರು. ಹೊಳ್ಳರು ಅಗುಳನ್ನು ಕೊಡವಿ ಕುಳಿತರು. ಆ ಕೈಯನ್ನು ಮಾತ್ರ ತಮ್ಮದಲ್ಲವೆಂಬಂತೆ ದೂರಕ್ಕೆ ಚಾಚಿಕೊಂಡೇ ಇದ್ದರು.

ದೋಣಿ ನಡುಹೊಳೆ ಮುಟ್ಟಿತು. ಮೈಲಿಗೆಯ ಕೈಯಲ್ಲಿ ಜಪ ಮಾಡುವಂತಿಲ್ಲ, ಜನಿವಾರ ಮುಟ್ಟುವಂತಿಲ್ಲ. ಹೊಳ್ಳರು ಮಂತ್ರ ಹೇಳುತ್ತ ಕೈ ತೊಳೆಯಲು ಬಾಗಿದರು. "ಅಯ್ಯಾ, ಕೈ ಒಳಗಿಡಿ! ಇದು ಅಜ್ಜನ ಗುಂಡಿ!" ಎಂದು ದೂಮ ಕೂಗಿದ. ಮಂತ್ರದ ನಡುವೆ ಮಾತಾಡಬಾರದೆಂದು ಹೊಳ್ಳರು ತಲೆಯಾಡಿಸಿದರು, ಅಷ್ಟೆ. ಮುಂದಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ನೀರು ಒಡೆದದ್ದು ಕಾಣಿಸಿತಂತೆ. ಸದ್ದು ಆಮೇಲೆ ಬಂತಂತೆ. ದೂಮ ಹುಟ್ಟಿನಿಂದ ಬಡಿದ, ಬಡಿದ, ಹುಟ್ಟು ಎರಡಾಗುವವರೆಗೆ ಬಡಿದ. ಕೊನೆಗೆ ಹೊಳೆ ಹೊಳ್ಳರನ್ನು ಬಿಟ್ಟಿತು. ಅವರು ತೊಳೆಯಲು ಚಾಚಿದ್ದ ಕೈಯನ್ನು ಮಾತ್ರ ಅಜ್ಜ ಬಿಡಲಿಲ್ಲ.

ದೋಣಿ ಹಿಂದಕ್ಕೆ ಬಂದಾಗ ದಡದ ಜನ ಕಲ್ಲಾಗಿ ನಿಂತಿದ್ದರು. ಮೊದಲು ಓಡಿದವಳು ಮಿನಜ್ಜಿ. ಮಕ್ಕಾದಲ್ಲಿ ಉಡಬೇಕೆಂದು ಜೋಪಾನ ಮಾಡಿದ್ದ ಬಿಳಿಯ ಬಟ್ಟೆಯನ್ನು ಹರಿದು ಮೊಂಡಾದ ತೋಳಿಗೆ ಬಿಗಿದಳು. ಮೂರು ದಿನ ಹೊಳ್ಳರಿಗೆ ಎಚ್ಚರವಿರಲಿಲ್ಲ. ಅಲುಗಾಡಿಸಿದರೆ ರಕ್ತ ನಿಲ್ಲದು ಎಂದು ಅವಳ ಗುಡಿಸಲಲ್ಲೇ ಮಲಗಿಸಿದ್ದರು. ಆಚೆ ದಡದಲ್ಲಿ ಪ್ರತಿಷ್ಠೆಯ ಶಂಖ ಮೊಳಗಿದ್ದು ಇಲ್ಲಿಗೆ ಕೇಳಿಸಿತು. ಬಿಂಬದ ಮೇಲೆ ಇದ್ದದ್ದು ಬೇರೆ ಯಾರದೋ ಕೈ. ಗಾಳಿ ತಿರುಗುವ ಮೊದಲು ಹೊರಡಬೇಕೆಂದು ಹೇಳಲು ಸಾಲೆ ನಾಖುದ ದಿನಕ್ಕೆರಡು ಸಲ ಬಂದು ತಾಯಿಯ ಮುಖ ನೋಡಿ ಹಿಂದಿರುಗಿದ.

ನಾಲ್ಕನೆಯ ಬೆಳಿಗ್ಗೆ ಹೊಳ್ಳರು ಕಣ್ಣು ತೆರೆದರು. ಅಭ್ಯಾಸಬಲದಿಂದ ಬಲಗೈಯನ್ನು ಎತ್ತಿದರು. ಎತ್ತಿ, ನೋಡಿದರು. ಬಹಳ ಹೊತ್ತು ನೋಡಿದರು.

ಮಿನಜ್ಜಿ ಅವರ ಕಾಲ ಬಳಿ ಕುಳಿತು ಅಳುತ್ತಿದ್ದಳು. "ತಪ್ಪು ನನ್ನದು ಸ್ವಾಮಿ. ದೊಡ್ಡವರಿಗೆ ಎರಡು ಸಲ ಹೇಳಬಾರದು, ನಾನು ಮೂರು ಸಲ ಹೇಳಿದೆ. ಬಲವಂತ ಮಾಡಿದೆ. ನನ್ನ ಕೈಯಿಂದಲೇ ಅಗುಳು ಬಿತ್ತು. ಕ್ಷಮೆ ಕೊಡದಿದ್ದರೆ ನನ್ನ ಯಾತ್ರೆ ದೇವರಿಗೆ ಸಲ್ಲುವುದಿಲ್ಲ."

ಊರೆಲ್ಲ ಬಾಗಿಲಲ್ಲಿ ನಿಂತಿತ್ತು. ಗಂಜಿಯ ಬಟ್ಟಲು ಪಕ್ಕದಲ್ಲಿತ್ತು. ಎಡಗೈಯಲ್ಲಿ ಉಣ್ಣುವುದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. "ಅಜ್ಜೀ," ಎಂದರಂತೆ ಹೊಳ್ಳರು ಕೊನೆಗೆ, "ಆ ಅಗುಳು ಇದ್ದರೆ ಈಗ ಕೊಡು." ಬಾಯಿ ತೆರೆದರು. ಅವರ ಹೆಂಡತಿ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದರೇ ಹೊರತು ಬೇಡ ಎನ್ನಲಿಲ್ಲ. ಮಿನಜ್ಜಿ ಕಣ್ಣು ಒರೆಸಿಕೊಂಡು, ಎಡಗೈಯಿಂದ ಮೊಣಕೈ ಆನಿಸಿ ಉಣಿಸಿದಳು. ಅಂದು ಸಂಜೆ ಕಡಲಿನ ಇಳಿತಕ್ಕೆ ಹಡಗು ಹೊರಟಿತು. ಅವಳು ಮಕ್ಕಾ ಮುಟ್ಟಿದಳೋ ಇಲ್ಲವೋ, ನಮ್ಮಲ್ಲಿ ಯಾರೂ ಅರಿಯರು.

ಕೇಡು ಬಂದದ್ದು ಅನ್ನ ಮುಟ್ಟದೇ ಹೋದದ್ದರಿಂದಲೋ, ಕೈಯನ್ನು ನೀರಿಗೆ ಹಾಕಿದ್ದರಿಂದಲೋ ಎಂದು ಊರಿನಲ್ಲಿ ಇಂದಿಗೂ ಎರಡು ಪಕ್ಷವಿದೆ. ದೂಮನ ಮನೆಯವರು ನೀರು ಎನ್ನುತ್ತಾರೆ. ಹೊಳ್ಳರು ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದರು. ಅಂಗಹೀನರಿಗೆ ಪೂಜೆಯ ಅಧಿಕಾರವಿಲ್ಲವಾಗಿ ಮತ್ತೆ ಗರ್ಭಗುಡಿ ಹೊಗಲಿಲ್ಲ. ದಿನವೂ ಕಡವಿಗೆ ಬಂದು, ಎಡಗೈಯಿಂದ ಮರಿಗೆಯನ್ನು ತಳ್ಳಿ, ಹತ್ತುವವರಿಗೆಲ್ಲ "ಒಂದು ಅಗುಳು" ಎನ್ನುತ್ತಿದ್ದರಂತೆ. ಯಾರಾದರೂ "ಬರುವಾಗ ನೋಡೋಣ" ಎಂದರೆ ಶಲ್ಯ ಸರಿಸಿ ತೋಳನ್ನು ತೋರಿಸುತ್ತಿದ್ದರು.

ಶಿಲೆ ಕಡೆಸಿದವರು ಅವರೇ. ಶಿಲ್ಪಿ ದಾಕ್ಷಿಣ್ಯಪಟ್ಟು ಕೈಯನ್ನು ಪೂರ್ತಿ ಬಿಡಿಸಲು ಹೊರಟಾಗ ಉಳಿಯನ್ನು ತಡೆದರು ಎನ್ನುತ್ತಾರೆ. ಅವರ ಏಳನೆಯ ತಲೆಯವರಾದ ನಾವು ಇಂದಿಗೂ ಬೆಳಿಗ್ಗೆ ಮಡಿಯಲ್ಲಿ ಅರಿಶಿನದ ಅನ್ನ ಮಾಡಿ ಮರಿಗೆ ತುಂಬುತ್ತೇವೆ. ಬಂದವರು ಅಗುಳನ್ನು ತುಟಿಗೆ ಒತ್ತಿಕೊಂಡು ಮತ್ತೆ ಕಲ್ಲಿನ ಕಡೆ ತಿರುಗಿ, ಹಾಗಾದರೆ ಯಾರು ಮುರಿದದ್ದು ಎಂದು ಕೇಳುತ್ತಾರೆ. ಹತ್ತಿರ ಹೋಗಿ ಮಣಿಕಟ್ಟನ್ನು ಸವರಿ ನೋಡಿ ಎನ್ನುತ್ತೇವೆ. ಒಡೆದ ಕಲ್ಲು ಬೆರಳಿಗೆ ಚುಚ್ಚುತ್ತದೆ. ಇದು ನುಣುಪಾಗಿದೆ.