ರೋಸಿಯ ಸಲಾಮು

“ಗುರುಗಳೇ, ಉಪಕಾರ ನೆನೆಯದವರಿಗೂ ಸೇವೆ ಮಾಡಬೇಕೆ?” ಎಂದು ಸಂಗಯ್ಯ ಕೇಳಿದ.

ಆ ದನಿಯಲ್ಲಿ ಪ್ರಶ್ನೆಗಿಂತ ದೂರೇ ಹೆಚ್ಚಾಗಿತ್ತು. ಸಂಗಯ್ಯ ಮಠದ ಆರೈಕೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಕಟ್ಟಡದ ಮೇಲಿಂದ ಬಿದ್ದು ಎರಡೂ ಕಾಲು ಮುರಿದುಕೊಂಡ, ಹಿಂದುಮುಂದಿಲ್ಲದ ಗಾರೆ ಕೆಲಸದವನೊಬ್ಬನನ್ನು ಅವನು ಏಳು ತಿಂಗಳು ಸಾಕಿದ್ದ. ಉಣ್ಣಿಸಿದ್ದ, ಮೈ ಒರೆಸಿದ್ದ, ಹೇಸದೆ ಮಲಮೂತ್ರ ತೆಗೆದಿದ್ದ, ಹೆಗಲು ಕೊಟ್ಟು ಮತ್ತೆ ನಡೆಯಲು ಕಲಿಸಿದ್ದ. ಆ ಬೆಳಿಗ್ಗೆ ಸಂತೆಯಲ್ಲಿ ಅದೇ ಮನುಷ್ಯ ಎದುರಾದ. ಜೊತೆಯವರೊಡನೆ ಏನೋ ಹೇಳಿ ನಗುತ್ತ ಬರುತ್ತಿದ್ದ. ಸಂಗಯ್ಯನನ್ನು ನೋಡಿದ. ನೋಡಿಯೂ ಹಾಗೆಯೇ ಹೋಗಿಬಿಟ್ಟ.

ಸಂಗಯ್ಯ ಆರೈಕೆ ಕೋಣೆಯ ಬೀಗದ ಕೈಯನ್ನು ಗುರುಗಳ ಮುಂದಿಟ್ಟ. “ಒಳಗೆ ಇನ್ನೂ ಮೂವರು ಮಲಗಿದ್ದಾರೆ. ನಾಳೆಯಿಂದ ಬೇರೆ ಯಾರಾದರೂ ನೋಡಿಕೊಳ್ಳಲಿ. ನನಗೆ ಮನಸ್ಸು ಮುರಿದಿದೆ.”

ಗುರುಗಳು ಬೀಗದ ಕೈಯನ್ನು ಮುಟ್ಟಲಿಲ್ಲ. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟದ ತಪ್ಪಲಲ್ಲಿ ಚಿಂಪಾಂಜಿಗಳ ಆಶ್ರಯಧಾಮವಿತ್ತು. ಚಿಂಪಾಂಜಿ ನಮ್ಮ ಸೀಮೆಯ ಪ್ರಾಣಿಯಲ್ಲ, ಸಮುದ್ರದಾಚೆಯ ಕಾಡಿನದು. ತಾಯಿಯ ಎದೆಯಿಂದ ಮರಿಯನ್ನು ಕಿತ್ತು, ಪೆಟ್ಟಿಗೆಯಲ್ಲಿ ತುಂಬಿ ತಂದು ಮಾರುತ್ತಿದ್ದರು. ಕೊಂಡವರು ಕೆಲವರು ಸರ್ಕಸ್ಸಿನವರು, ಕೆಲವರು ದುಡ್ಡಿನ ಮದವಿದ್ದವರು. ಸರ್ಕಾರ ಅಂಥವುಗಳನ್ನು ಬಿಡಿಸಿ ಈ ಧಾಮಕ್ಕೆ ತಂದು ಬಿಡುತ್ತಿತ್ತು. ಮನುಷ್ಯರ ನಡುವೆ ಬೆಳೆದ ಪ್ರಾಣಿ ಹುಟ್ಟಿದ ಕಾಡಿಗೆ ಹಿಂದಿರುಗಿದರೆ ಬದುಕುವುದಿಲ್ಲ. ಅದಕ್ಕೇ ಎತ್ತರದ ಬೇಲಿ ಹಾಕಿ ಒಳಗೊಂದು ತೋಪು ಬೆಳೆಸಿದ್ದರು. ತೋಪಿನಲ್ಲಿ ಹನ್ನೆರಡು ಚಿಂಪಾಂಜಿಗಳ ಒಂದು ಗುಂಪಿತ್ತು. ತೋಪಿನ ಅಂಚಿಗೆ ಕಬ್ಬಿಣದ ಸರಳುಗಳ ಕೋಣೆಗಳಿದ್ದವು.

ಅಲ್ಲಿ ದ್ಯಾವಣ್ಣನೆಂಬ ಪಾಲಕನಿದ್ದ. ಬೆಳಗಾದರೆ ಬಂದು ಒಂದೊಂದನ್ನೂ ಎಣಿಸುವನು. ಕೆಮ್ಮಿದ್ದು ಯಾವುದು, ಕುಂಟಿದ್ದು ಯಾವುದು, ಗಂಜಿ ಕುಡಿಯದೆ ಮೂಲೆ ಹಿಡಿದದ್ದು ಯಾವುದು ಎಂದು ನೋಡುವನು. ಬಾಳೆಹಣ್ಣಿನೊಳಗೆ ಮಾತ್ರೆ ಇಟ್ಟು ನುಂಗಿಸುವನು. ಕೋಣೆ ತೊಳೆದು, ಮಲಗಲು ಒಣ ಹುಲ್ಲು ಹರಡಿ, ಮರದ ತುಂಡಿಗೆ ತೂತು ಕೊರೆದು ಜೇನು ತುಂಬಿ ಇಡುವನು. ಕಡ್ಡಿ ಹಾಕಿ ಜೇನು ಕೀಳುವುದರಲ್ಲಿ ಅವುಗಳಿಗೆ ಅರ್ಧ ದಿನ ಕಳೆಯಬೇಕು. ಹೊಟ್ಟೆ ತುಂಬಿದರೆ ಸಾಲದು, ಹೊತ್ತೂ ಹೋಗಬೇಕಲ್ಲ. ದ್ಯಾವಣ್ಣ ಒಳ್ಳೆಯವನು. ಕರುಳು ಮೆತ್ತಗೆ, ಕಣ್ಣಲ್ಲಿ ನೀರು ಹತ್ತಿರ.

ಒಂದು ದಿನ ಸರ್ಕಸ್ಸಿನಿಂದ ಬಿಡಿಸಿದ ಹೆಣ್ಣು ಚಿಂಪಾಂಜಿಯನ್ನು ತಂದರು. ಹೆಸರು ರೋಸಿ, ವಯಸ್ಸು ಹದಿನೆಂಟು. ತಾಯಿಯಿಂದ ಕಿತ್ತು ತಂದ ಮೇಲೆ ಅವಳು ತನ್ನ ಜಾತಿಯ ಇನ್ನೊಂದು ಮುಖವನ್ನೇ ನೋಡಿರಲಿಲ್ಲ. ದ್ಯಾವಣ್ಣ ಕೋಣೆಯ ಮುಂದೆ ನಿಂತ ಕೂಡಲೇ ಅವಳು ಎರಡು ಕಾಲ ಮೇಲೆ ನೆಟ್ಟಗೆ ನಿಂತಳು. ಬಲಗೈಯನ್ನು ಹಣೆಗೆ ಹಚ್ಚಿ, ಹಲ್ಲು ತೋರಿಸಿ, ಸಲಾಮು ಹೊಡೆದಳು.

ದ್ಯಾವಣ್ಣ ಕರಗಿಹೋದ. ಇಷ್ಟೊಂದು ನೋವುಂಡು ಬಂದವಳು, ಬಂದ ದಿನವೇ ನನಗೆ ಸಲಾಮು ಮಾಡುತ್ತಾಳಲ್ಲ ಎಂದುಕೊಂಡ. ಒಂದು ಬಾಳೆಹಣ್ಣು ಕೊಟ್ಟ. ಮರುದಿನವೂ ಸಲಾಮು, ಮರುದಿನವೂ ಹಣ್ಣು. ತಿಂಗಳು ಕಳೆಯುವುದರಲ್ಲಿ ದಿನಕ್ಕೆ ಇಪ್ಪತ್ತು ಸಲವಾಯಿತು. ಉಳಿದ ಪಾಲಕರಿಗೆ ಸಿಗದ ಸಲಾಮು ತನಗೆ ಸಿಗುತ್ತದೆಂದು ಅವನಿಗೆ ಒಳಗೊಳಗೇ ಹೆಮ್ಮೆ. ಮನೆಯಲ್ಲಿ ಹೇಳಿಕೊಂಡ. ಕೇರಿಯಲ್ಲೂ ಹೇಳಿಕೊಂಡ. ಹೇಳಿಕೊಳ್ಳದೆ ಯಾರಿಗೆ ತಡೆಯುತ್ತದೆ ಸಂಗಯ್ಯ?

ಆದರೆ ರೋಸಿಯನ್ನು ತಂದದ್ದು ದ್ಯಾವಣ್ಣನಿಗಾಗಿ ಅಲ್ಲ. ಅವಳು ತೋಪಿನ ಗುಂಪನ್ನು ಸೇರಬೇಕಿತ್ತು. ಸೇರಿದರೆ ಮರವಿದೆ, ಬಿಸಿಲಿದೆ, ಮೈಗೆ ಮೈ ತಾಗಿಸಿ ಕೂರಲು ತನ್ನವರಿದ್ದಾರೆ. ಸೇರದಿದ್ದರೆ ಸರಳಿನ ಕೋಣೆಯಲ್ಲಿ ಒಬ್ಬಳೇ. ಚಿಂಪಾಂಜಿ ಐವತ್ತು ವರ್ಷ ಬಾಳುತ್ತದೆ. ಅವಳ ಮುಂದೆ ಇನ್ನೂ ಮೂವತ್ತು ವರ್ಷವಿತ್ತು.

ಗುಂಪಿನ ಯಜಮಾನ ಭೈರನೆಂಬ ಗಂಡು. ಹೊಸಬರು ಅವನ ಮುಂದೆ ಮೈ ತಗ್ಗಿಸಿ, ನೆಲಕ್ಕೆ ಕೈಯೂರಿ, ಗಂಟಲಲ್ಲೇ ಹುಂ ಹುಂ ಎಂದು ಸದ್ದು ಮಾಡಬೇಕು. ಅದು ಅವರ ಮರ್ಯಾದೆ. ರೋಸಿಗೆ ಅದನ್ನು ಕಲಿಸಬೇಕಾದ ತಾಯಿ ಯಾವ ಕಾಡಿನಲ್ಲಿ ಗುಂಡು ತಿಂದಳೋ! ಮೊದಲ ಸಲ ಬಾಗಿಲು ತೆರೆದಾಗ ಅವಳು ಭೈರನ ಎದುರು ನೆಟ್ಟಗೆ ನಿಂತು ಸಲಾಮು ಹೊಡೆದಳು. ಹೊಡೆದು, ಹಣ್ಣಿಗಾಗಿ ಸರಳಿನಾಚೆಯಿದ್ದ ದ್ಯಾವಣ್ಣನ ಕಡೆ ತಿರುಗಿದಳು. ತನ್ನೆದುರು ಸೆಟೆದು ನಿಂತು, ಮೇಲೆ ಬೆನ್ನನ್ನೂ ತಿರುಗಿಸಿದವಳನ್ನು ಭೈರ ಸುಮ್ಮನೆ ಬಿಟ್ಟಾನೆಯೇ? ಅವನ ಮೈಯ ಕೂದಲು ನೆಟ್ಟಗಾಯಿತು. ಕಾಲು ಹಿಡಿದು ಎಳೆದಾಡಿದ. ಬೆರಳು ಕಚ್ಚಿದ. ಪಾಲಕರು ಪೈಪಿನಿಂದ ನೀರು ಹಾರಿಸಿ ಬಿಡಿಸಬೇಕಾಯಿತು.

ಇನ್ನೊಂದು ಸಲ ನೋಡಿದರು, ಮತ್ತೆ ಅದೇ ಆಯಿತು. ಈ ಸಲ ಕಿವಿ ಹರಿಯಿತು. ಮಳೆಗಾಲ ಮುಗಿದ ಮೇಲೆ ಕಡೆಯದಾಗಿ ಒಂದು ಸಲ ನೋಡೋಣ, ಆಗಲೂ ಹೀಗಾದರೆ ಒಂಟಿ ಕೋಣೆಯೇ ಗತಿ ಎಂದು ವೈದ್ಯರು ಹೇಳಿದರು. ದ್ಯಾವಣ್ಣ ಭೈರನನ್ನು ಕಟುಕ ಎಂದು ಬೈದ. ಗಾಯಗೊಂಡ ರೋಸಿಗೆ ಇನ್ನಷ್ಟು ಹಣ್ಣು ಕೊಟ್ಟ. ಅವಳು ಇನ್ನಷ್ಟು ಸಲಾಮು ಹೊಡೆದಳು.

ಅಲ್ಲಿ ಮಾದಮ್ಮನೆಂಬ ಹಿರಿಯ ಪಾಲಕಿಯಿದ್ದಳು. ಮಾತು ಕಡಿಮೆ, ನೋಡುವುದು ಹೆಚ್ಚು. ಮೂರು ದಿನ ದೂರದಿಂದ ಇಬ್ಬರನ್ನೂ ನೋಡಿದಳು. ನಾಲ್ಕನೆಯ ದಿನ ದ್ಯಾವಣ್ಣನ ಕೈಯಲ್ಲಿದ್ದ ಹಣ್ಣನ್ನು ಮೆಲ್ಲಗೆ ಕಸಿದುಕೊಂಡಳು.

“ಕೈ ಎತ್ತಿದಾಗ ಕೊಡ್ಬ್ಯಾಡ ಕಣಪ್ಪ. ಕೈ ಕೆಳಗಿದ್ದಾಗ ಕೊಡು.”

“ಅಷ್ಟು ಪ್ರೀತಿಯಿಂದ ಸಲಾಮ್ ಮಾಡ್ತಾಳೆ ಮಾದಕ್ಕ, ಹೆಂಗೆ ಕೊಡ್ದೆ ಇರ್ಲಿ?”

“ಪ್ರೀತಿನಾ? ಆ ಹಲ್ಲು ನೋಡು. ಹಿಂಗೆ ಹಲ್ಲು ಕಿರಿಯಾದು ಇವರಲ್ಲಿ ನಗು ಅಲ್ಲ, ಹೆದರಿಕೆ. ಅವ್ಳು ಇಷ್ಟು ದಿನಾನೂ ನಿನ್ನ ಕಂಡು ಹೆದರ್ಕೊಂಡೇ ಅವ್ಳೆ.”

ದ್ಯಾವಣ್ಣನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ತಿಂಗಳು ತಾನು ತಲೆಯ ಮೇಲೆ ಹೊತ್ತು ಮೆರೆಸಿದ್ದು ಒಂದು ಜೀವದ ಹೆದರಿಕೆಯನ್ನೇ ಎಂದು ಅವನಿಗೆ ನಾಚಿಕೆಯಾಯಿತು. ಮಾದಮ್ಮನ ಮೇಲೆ ಸಿಟ್ಟೂ ಬಂತು. ಆ ದಿನ ಅವನು ಮಧ್ಯಾಹ್ನದ ಊಟವನ್ನೇ ಮಾಡಲಿಲ್ಲ.

ಮರುದಿನ ರೋಸಿ ಸಲಾಮು ಹೊಡೆದಳು. ದ್ಯಾವಣ್ಣ ಹಣ್ಣು ಹಿಡಿದುಕೊಂಡು ಸುಮ್ಮನೆ ನಿಂತ. ಅವಳು ಮತ್ತೆ ಹೊಡೆದಳು. ಎಡಗೈಯಿಂದ ಹೊಡೆದಳು, ಎರಡೂ ಕೈಯಿಂದ ಹೊಡೆದಳು. ಆಮೇಲೆ ಲಾಗ ಹಾಕಿದಳು. ಇಲ್ಲದ ಬಟ್ಟಲನ್ನು ಎತ್ತಿ ಚಹಾ ಕುಡಿದಳು. ಇಲ್ಲದ ಸೈಕಲ್ಲನ್ನು ತುಳಿಯುವಂತೆ ಕಾಲಾಡಿಸಿದಳು. ಹದಿನೆಂಟು ವರ್ಷದಲ್ಲಿ ಕಲಿತದ್ದನ್ನೆಲ್ಲ ಒಂದೊಂದಾಗಿ ಅವನ ಮುಂದೆ ಮಾಡಿ ತೋರಿಸಿದಳು. ಪ್ರತಿಯೊಂದು ಆಟ ಮುಗಿದಾಗಲೂ ಅವನ ಕೈ ನೋಡಿದಳು. ದ್ಯಾವಣ್ಣ ಮನಸ್ಸು ಕಲ್ಲು ಮಾಡಿಕೊಂಡು ನಿಂತ. ಕಡೆಗೆ ಅವಳು ದಣಿದು, ಕೈಯೆರಡನ್ನೂ ನೆಲಕ್ಕೆ ಬಿಟ್ಟು ಕೂತಳು. ಆಗ ಹಣ್ಣು ಕೊಟ್ಟ. ಕೊಟ್ಟವನು ಹುಲ್ಲಿನ ಉಗ್ರಾಣದ ಹಿಂದೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಹತ್ತು ದಿನ ಹೀಗೆ ನಡೆಯಿತು. ಹನ್ನೊಂದನೆಯ ದಿನ ಅವನಿಂದ ತಡೆಯಲಾಗಲಿಲ್ಲ. ಮಾದಮ್ಮ ಇಲ್ಲದ ಹೊತ್ತು ನೋಡಿ, ಒಂದು ಸಲಾಮಿಗೆ ಒಂದು ಹಣ್ಣು ಕೊಟ್ಟುಬಿಟ್ಟ. ಒಂದೇ ಒಂದು. ಮಾರನೆಯ ಬೆಳಿಗ್ಗೆ ರೋಸಿ ನಲವತ್ತು ಸಲಾಮು ಹೊಡೆದಳು. ಹತ್ತು ದಿನದ ಪಾಡು ನೀರಲ್ಲಿ ಹೋಮ ಮಾಡಿದಂತಾಯಿತು. ಅವನು ಮೊದಲಿನಿಂದ ಶುರುಮಾಡಬೇಕಾಯಿತು. ಈ ಸಲ ಅವನು ಸೋಲಲಿಲ್ಲ.

ಹಣ್ಣು ತಾರದ ಸಲಾಮು ದಿನಕ್ಕಿಷ್ಟು ಕಡಿಮೆಯಾಗುತ್ತ ಬಂತು. ಪಕ್ಕದ ಕೋಣೆಗೆ ಮಾದಮ್ಮ ಗುಂಪಿನ ಮುದಿ ಹೆಣ್ಣೊಂದನ್ನು ತಂದು ಬಿಟ್ಟಳು. ದೊಡ್ಡವ್ವ ಎಂದು ಅದನ್ನು ಕರೆಯುತ್ತಿದ್ದರು. ನಡುವೆ ಜಾಲರಿ ಇತ್ತು. ರೋಸಿ ಮೊದಲು ಜಾಲರಿಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಅವಳಿಗೆ ನೋಡಲು ಇದ್ದದ್ದು ದ್ಯಾವಣ್ಣನ ಮುಖ ಒಂದೇ. ಆ ಮುಖ ಏನನ್ನೂ ಕೇಳದಾದಾಗ, ಏನು ಮಾಡಬೇಕೆಂದು ತಿಳಿಯದೆ ಆಚೆ ತಿರುಗಿದಳು. ದೊಡ್ಡವ್ವ ಜಾಲರಿಯೊಳಗಿಂದ ಬೆರಳು ಚಾಚಿ ಅವಳ ಹರಿದ ಕಿವಿಯ ಬಳಿ ಕೂದಲು ಬಿಡಿಸಿ ಹೇನು ಹುಡುಕಿತು. ರೋಸಿ ನಡುಗುತ್ತಲೇ ಕೂತಿದ್ದಳು. ಎಂಟು ದಿನದ ಮೇಲೆ ಅವಳೂ ತನ್ನ ಬೆರಳನ್ನು ದೊಡ್ಡವ್ವನ ತೋಳಿಗೆ ಚಾಚಿದಳು. ತೋಪಿನಿಂದ ಭೈರ ಕೂಗಿದಾಗಲೆಲ್ಲ ದೊಡ್ಡವ್ವ ಮೈ ತಗ್ಗಿಸಿ ಹುಂ ಹುಂ ಎನ್ನುತ್ತಿತ್ತು. ರೋಸಿ ಅದನ್ನು ನೋಡಿದಳು. ಎಷ್ಟೋ ದಿನ ಬರೀ ನೋಡಿದಳು.

ಮಳೆ ನಿಂತಿತು. ಬಾಗಿಲು ತೆರೆಯುವ ದಿನ ಬಂತು. ಪಾಲಕರು ನೀರಿನ ಪೈಪು ಹಿಡಿದು ನಿಂತರು. ಇವತ್ತು ಅವಳು ಕೈ ಎತ್ತಿದರೆ ಮೂವತ್ತು ವರ್ಷದ ಒಂಟಿ ಸೆರೆ, ಅದನ್ನು ಕಟ್ಟಿದವನು ನಾನು ಎಂದು ದ್ಯಾವಣ್ಣನಿಗೆ ಗೊತ್ತಿತ್ತು.

ಭೈರ ಮೈಯ ಕೂದಲೆಲ್ಲ ನಿಮಿರಿಸಿಕೊಂಡು, ನೆಲ ಗುದ್ದುತ್ತ ಬಂದ. ರೋಸಿ ಎರಡು ಕಾಲ ಮೇಲೆ ಎದ್ದು ನಿಂತಳು. ಬಲಗೈ ಮೇಲೆದ್ದಿತು. ಎದೆಯವರೆಗೆ ಬಂತು, ಕಿವಿಯವರೆಗೆ ಬಂತು. ದ್ಯಾವಣ್ಣ ಕಣ್ಣು ಮುಚ್ಚಿಕೊಂಡ. ತೆರೆದಾಗ ಆ ಕೈ ನೆಲದ ಮೇಲಿತ್ತು. ರೋಸಿ ಮೈ ತಗ್ಗಿಸಿ, ಒಡಕು ದನಿಯಲ್ಲಿ, ಹುಂ ಹುಂ ಎನ್ನುತ್ತಿದ್ದಳು. ಭೈರ ಅವಳ ಬೆನ್ನ ಮೇಲೆ ಕೈಯಿಟ್ಟ. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಬಂದ ದಾರಿಯಲ್ಲಿ ಹೊರಟುಹೋದ. ದೊಡ್ಡವ್ವ ಮುಂದೆ, ರೋಸಿ ಹಿಂದೆ, ಇಬ್ಬರೂ ಮರಗಳ ಕಡೆ ನಡೆದರು.

ಆಮೇಲೆ ರೋಸಿ ಸರಳಿನ ಬಳಿಗೆ ಬರಲಿಲ್ಲ. ಎಲ್ಲರಿಗೂ ಹಾಕಿದ ರಾಶಿಯಲ್ಲಿ ತನ್ನ ಪಾಲು ಆರಿಸಿಕೊಂಡು ಮರ ಹತ್ತುತ್ತಿದ್ದಳು. ದ್ಯಾವಣ್ಣ ಒಂದು ದಿನ, ಎರಡು ದಿನ, ಹದಿನೈದು ದಿನ ಬೇಲಿಯ ಹತ್ತಿರ ನಿಂತು ನೋಡಿದ. ಹೆಸರು ಹಿಡಿದು ಕರೆದ. ಒಮ್ಮೆ ಅವಳು ತೀರಾ ಹತ್ತಿರ ಬಂದಳು. ಬೇಲಿಯ ಕಂಬವನ್ನು ನೋಡಿದಳು, ಅದರ ಪಕ್ಕದಲ್ಲಿದ್ದ ಅವನನ್ನೂ ನೋಡಿದಳು. ಎರಡನ್ನೂ ಒಂದೇ ರೀತಿ ನೋಡಿ, ಬಿದ್ದಿದ್ದ ಹಣ್ಣೊಂದನ್ನು ಹೆಕ್ಕಿಕೊಂಡು ಹೋದಳು.

ದ್ಯಾವಣ್ಣ ಮಾದಮ್ಮನ ಹತ್ತಿರ ಹೋದ. ಅವಳು ಗೆಣಸು ಬೇಯಿಸುತ್ತಿದ್ದಳು.

“ನನ್ನ ಮರ್ತೇಬಿಟ್ಳಲ್ಲ ಮಾದಕ್ಕ,” ಎಂದ.

“ಹೂಂ ಕಣಪ್ಪ, ಮರ್ತ್ಲು,” ಎಂದಳು ಅವಳು. “ಮೂರನೇ ಕೋಣೆಗೆ ಹೊಸದೊಂದು ಬಂದೈತೆ. ಎರಡು ದಿನದಿಂದ ಏನೂ ಮುಟ್ಟಿಲ್ಲ. ನೀನು ಹೋಗಿ ನೋಡು.”

ದ್ಯಾವಣ್ಣ ಒಲೆಯ ಮುಂದೆ ಕೂತ. ಅವನ ಸಂಕಟ ಸುಳ್ಳಾಗಿರಲಿಲ್ಲ, ಮಾದಮ್ಮನೂ ಅದನ್ನು ಸುಳ್ಳೆನ್ನಲಿಲ್ಲ. ಆಮೇಲೆ ಅವನು ಎದ್ದು ಮುಖ ತೊಳೆದುಕೊಂಡ. ಗಂಜಿಯ ಬಟ್ಟಲು ತೆಗೆದುಕೊಂಡು ಮೂರನೆಯ ಕೋಣೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಕತೆ ಸಂಗಯ್ಯನಿಗೆ ಅರ್ಥವಾಗಿರಲಿಲ್ಲ ಎಂದಲ್ಲ. ಅರ್ಥವಾದ ಮೇಲೂ ನೋವು ಹಾಗೆಯೇ ಇತ್ತು.

“ಅದು ಪ್ರಾಣಿ, ಗುರುಗಳೇ,” ಎಂದ. “ಇವನು ಮನುಷ್ಯ. ಏಳು ತಿಂಗಳು ಅನ್ನ ಹಾಕಿದ ಕೈಗೆ ಒಂದು ನಮಸ್ಕಾರ ಮಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?”

“ಹಣ್ಣಿಗೊಂದು ಸಲಾಮು ಎಂದು ಅವಳಿಗೆ ಕಲಿಸಿದವನು ಸರ್ಕಸ್ಸಿನವನು, ನಿನಗೆ ಕಲಿಸಿದವರು ಯಾರು ಸಂಗಯ್ಯ?” ಎಂದರು ಗುರುಗಳು.