ಪಚ್ಚಿಲೆ ಮೈ ತುಂಬುವ ತಿಂಗಳು

"ಗುರುಗಳೇ, ಹೋದ ತಿಂಗಳು ದಿನಕ್ಕೆ ನಾಲ್ಕು ಸಲ ಸಿಟ್ಟು ಬರುತ್ತಿತ್ತು. ಈ ತಿಂಗಳು ಒಮ್ಮೆಯೂ ಬಂದಿಲ್ಲ. ಸಿಟ್ಟನ್ನು ಗೆದ್ದೆನಲ್ಲವೇ? ಊರೂರಿಗೆ ಹೋಗಿ ಬೋಧಿಸಲು ಅಪ್ಪಣೆ ಕೊಡಿ" ಎಂದು ಶಿಷ್ಯ ಕೇಳಿದ.

ಗುರುಗಳು ಹಣೆ ಒತ್ತಿಕೊಂಡರು. "ಕೂತುಕೋ ಮಾರಾಯ. ನಿನ್ನಂಥವರಿಗೆ ಹೇಳಿ ಹೇಳಿ ಸಾಕಾಗಿದೆ. ಆದರೂ ಹೇಳುತ್ತೇನೆ.

"ಕಡಲತೀರದಲ್ಲಿ ಒಬ್ಬ ಹೆಂಗಸಿದ್ದಳು. ಬಂಡೆಗೆ ಕಚ್ಚಿಕೊಂಡು ಬೆಳೆಯುವ ಪಚ್ಚಿಲೆ ಚಿಪ್ಪನ್ನು ಕಿತ್ತು ಮಾರಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಆ ಬಂಡೆ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಒಬ್ಬ ವ್ಯಾಪಾರಿ ಪಕ್ಕದಲ್ಲೇ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ತೆರೆದು ಕೊಳೆನೀರನ್ನು ಕಡಲಿಗೆ ಬಿಟ್ಟ. ಅವಳು ದೂರು ಕೊಟ್ಟಳು.

"ಅಧಿಕಾರಿ ಬಂದದ್ದು ಭಾದ್ರಪದದಲ್ಲಿ. ಪಚ್ಚಿಲೆ ಬಿಡಿಸಿ ನೋಡಿದ. ಮಾಂಸ ಬಡಕಲು. 'ನೀರು ಕೆಟ್ಟಿದೆ' ಎಂದು ಬರೆದ. ವ್ಯಾಪಾರಿ ಕೊಳೆನೀರು ಇಂಗಿಸಲೆಂದು ಹೆಸರಿಗೊಂದು ಗುಂಡಿ ತೋಡಿಸಿದ. ಕೊಳೆ ಮೊದಲಿನಂತೆಯೇ ಹರಿಯಿತು. ಅಧಿಕಾರಿ ಮತ್ತೆ ಬಂದದ್ದು ಫಾಲ್ಗುಣದಲ್ಲಿ. ಚಿಪ್ಪಿನ ತುಂಬ ಮಾಂಸ. 'ನೀರು ಶುದ್ಧವಾಗಿದೆ' ಎಂದು ಬರೆದ. ದೊಡ್ಡ ಬುದ್ಧಿವಂತ, ಏನು ಹೇಳೋಣ.

"ಹೆಂಗಸು ತಲೆ ಚಚ್ಚಿಕೊಂಡಳು. 'ಸ್ವಾಮೀ, ಮಳೆಗಾಲದಲ್ಲಿ ಇದು ಮೊಟ್ಟೆ ಬಿಟ್ಟು ಬಡವಾಗುತ್ತದೆ, ಬೇಸಿಗೆಗೆ ಮೈ ತುಂಬಿಕೊಳ್ಳುತ್ತದೆ. ಬಸುರಿಯನ್ನೂ ಬಾಣಂತಿಯನ್ನೂ ತೂಗಿ ನೋಡಿ ಯಾರ ಮನೆಯ ಊಟ ಒಳ್ಳೆಯದೆಂದು ಹೇಳುತ್ತಾರೆಯೇ? ಹೋದ ಸಲ ಬಂದ ತಿಂಗಳಲ್ಲೇ ಬನ್ನಿ. ಕೊಳೆ ಮುಟ್ಟದ, ಗುಡ್ಡದಾಚೆಯ ಬಂಡೆಯದನ್ನೂ ಬಿಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ' ಎಂದಳು. 'ನನಗೇ ಪಾಠ ಹೇಳುತ್ತೀಯಾ' ಎಂದು ಅವನು ಹೊರಟುಹೋದ. ವ್ಯಾಪಾರಿ ಧೈರ್ಯವಾಗಿ ಇನ್ನೆರಡು ಬಣ್ಣದ ಹಂಡೆ ಹೂಡಿದ.

"ಮರುವರ್ಷದ ಭಾದ್ರಪದದಲ್ಲಿ ಚಿಪ್ಪುಗಳು ಬಾಯಿ ಬಿಟ್ಟುಕೊಂಡು ಬಂಡೆಯಿಂದ ಕಳಚಿ ಬೀಳತೊಡಗಿದವು. ಅವಳು ಕೈಕಾಲು ಹಿಡಿದು ಅಧಿಕಾರಿಯನ್ನು ಕರೆತಂದಳು. ಅವನು ಏನೆಂದ ಗೊತ್ತೇ? 'ಮಳೆಗಾಲದಲ್ಲಿ ಬಡವಾಗುತ್ತದೆ ಎಂದು ನೀನೇ ಹೇಳಿದೆಯಲ್ಲ.' ಆಚೆ ಬಂಡೆಗೆ ಕಾಲು ಹರದಾರಿ ನಡೆಯಬೇಕಿತ್ತು. ಆ ಪುಣ್ಯಾತ್ಮ ನಡೆಯಲಿಲ್ಲ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಫಾಲ್ಗುಣದ ಹೊತ್ತಿಗೆ ಅವಳ ಬಂಡೆ ಬೋಳಾಗಿತ್ತು. ಮೂವರು ಮಕ್ಕಳನ್ನು ಕರೆದುಕೊಂಡು ಅವಳು ಊರು ಬಿಟ್ಟಳು."

ಶಿಷ್ಯ ನಿಟ್ಟುಸಿರು ಬಿಟ್ಟ. "ಎಂಥ ಮೂರ್ಖ ಅಧಿಕಾರಿ. ಅದಿರಲಿ ಗುರುಗಳೇ, ನನ್ನ ಅಪ್ಪಣೆಯ ವಿಷಯ?"

ಗುರುಗಳು ಅವನನ್ನೇ ನೋಡಿ ಕೇಳಿದರು: "ನಿನ್ನ ಕೋಣೆಯಲ್ಲಿ ಗೊರಕೆ ಹೊಡೆಯುವವನು ಊರಿಗೆ ಹೋಗಿ ತಿಂಗಳಾಯಿತಲ್ಲ, ವಾಪಸು ಬರುವುದು ಯಾವಾಗ?"